ನಮ್ಮ ಹಾಡಿಗೆ ಟೀ ಎಲೆ ಬಂದದ್ದು

ಮಲ್ಲಮ್ಮ ಬುಟ್ಟಿಯ ಎಲೆಯನ್ನೆಲ್ಲ ಗೋಣಿತಾಟಿನ ಮೇಲೆ ಸುರಿದು, ಬಲಿತದ್ದನ್ನು ಆರಿಸಿ ಎಸೆಯುತ್ತಿದ್ದಳು. ಫ್ಯಾಕ್ಟರಿಯ ಲಾರಿ ಬರುವ ಹೊತ್ತು. ಕಡ್ಡಿ ಕಂಡರೆ ತೂಕದವನು ಮುಖ ಹುಳ್ಳಗೆ ಮಾಡುತ್ತಾನೆ. ಕೈ ಎಲೆಯಲ್ಲಿತ್ತು, ಬಾಯಿ ಹಾಡಿನಲ್ಲಿತ್ತು. ಅದು ಹಟ್ಟಿಯ ಹಾಡು. ಅದರಲ್ಲಿ ಎಮ್ಮೆ ಬರುತ್ತದೆ, ಸಾಮೆ ಬರುತ್ತದೆ, ಜೇನು ಬರುತ್ತದೆ, ಹೆತ್ತೆಯಮ್ಮನ ಗುಡಿ ಬರುತ್ತದೆ, ಮಂಜೂರಿನ ಮೇಲಿನ ಬೆಟ್ಟಗಳೆಲ್ಲ ಹೆಸರು ಹೇಳಿಸಿಕೊಂಡು ಸಾಲಾಗಿ ಬರುತ್ತವೆ. ಕೊನೆಯ ಸಾಲಿಗೆ ಬಂದಾಗ ಅವಳ ಕಣ್ಣು ತನ್ನ ಬೆರಳಿನ ಮೇಲೆ ಬಿತ್ತು. ಎಷ್ಟು ತಿಕ್ಕಿದರೂ ಹೋಗದ ಎಲೆಯ ಕರೆ.

“ಎಲ್ಲ ಬಂತು, ಇದೊಂದು ಬರಲಿಲ್ಲ ನೋಡು,” ಎಂದಳು.

ಪಕ್ಕದಲ್ಲಿ ಚೀಲದ ಬಾಯಿ ಹಿಡಿದಿದ್ದ ಮೊಮ್ಮಗಳು ರಂಜಿತಾ ನಕ್ಕಳು. ಬೆಟ್ಟದ ಮೇಲಿನ ಪಟ್ಟಣ ಉದಗೆಯ ಕಾಲೇಜಿಗೆ ಹೋಗುವ ಹುಡುಗಿ. ಹಟ್ಟಿಯ ಹಳೆಯ ಹಾಡುಗಳನ್ನೆಲ್ಲ ಫೋನಿನಲ್ಲಿ ತುಂಬಿಕೊಂಡವಳು. ಅಜ್ಜಿಯನ್ನು ಹಟ್ಟಿಯ ಮಾತಿನಲ್ಲಿ ಹೆತ್ತೆ ಎಂದೇ ಕರೆಯುತ್ತಾಳೆ. “ಶುರುವಾಯ್ತಾ ಹೆತ್ತೆ? ಟೀ ಬಿಳಿಯರು ತಂದದ್ದು. ಅದನ್ನ ಹಾಡಿಗೆ ಹಾಕಿದ್ರೆ ಟೀಪುಡಿ ಜಾಹೀರಾತು ಆಗುತ್ತೆ.”

ಈ ಜಗಳ ಹೊಸದಲ್ಲ. ನಾಲ್ಕು ಸೀಮೆಯ ಹಟ್ಟಿಗಳೆಲ್ಲ ಸೇರಿ ಉದಗೆಯ ಮೈದಾನದಲ್ಲಿ ಒಂದೇ ಹಾಡು ಹಾಡಬೇಕೆಂದು ಸಂಘದವರು ಗೊತ್ತುಮಾಡಿದ್ದರು. ಈ ಬೆಟ್ಟಗಳ ಬಡಗರ ಹಾಡು ಎಂದರೆ ಇದು ಎಂದು ಮಕ್ಕಳು ಮೊಮ್ಮಕ್ಕಳು ಹೇಳುವಂಥ ಹಾಡು. ಸಂಘದವರು ಕೊಟ್ಟ ಕಾಗದದಲ್ಲಿ ಪ್ರತಿ ಹಟ್ಟಿಯೂ ತನ್ನದೊಂದು ನಾಲ್ಕು ಸಾಲಿನ ಪದ ಬರೆದು, ಊರಗೌಡರ ರುಜು ಹಾಕಿಸಿ ಕಳಿಸಬೇಕು. ಮಿಕ್ಕ ಹಟ್ಟಿಗಳ ಕಾಗದ ಎಂದೋ ಹೋಗಿತ್ತು. ಇವರದು ಮಾತ್ರ ಖಾಲಿಯಾಗಿಯೇ ಊರಗೌಡ ಗಂಗಾಧರನ ಮನೆಯಲ್ಲಿ ಹೆತ್ತೆಯಮ್ಮನ ಪಟದ ಹಿಂದೆ ಧೂಳು ಕುಡಿಯುತ್ತಿತ್ತು. ಸಾಮೆಯ ಪದವನ್ನೇ ಕಳಿಸೋಣ ಎಂದು ಗಂಗಾಧರ, ಟೀ ಎಲೆಯ ಪದ ಕಳಿಸೋಣ ಎಂದು ಮಲ್ಲಮ್ಮ. ಗಂಗಾಧರ ಅವಳ ತೀರಿಹೋದ ಗಂಡನ ಅಣ್ಣ. ಊರವರು ಕೂಡುವ ಸುತ್ತುಕಲ್ಲಿನ ಕೂಟದಲ್ಲಿ ಅವನು ಒಮ್ಮೆ ಕೆಮ್ಮಿದರೆ ಸಾಕು, ಮಾತು ಮುಗಿಯಿತು.

“ಸಾಮೆ ಬಿತ್ತಿದವರನ್ನ ನಾನು ಕಂಡೇ ಇಲ್ಲ,” ಎಂದಳು ಮಲ್ಲಮ್ಮ. “ಮದುವೆಯಾಗಿ ಬಂದ ಮಾರನೆ ದಿನ ನನ್ನ ಬೆನ್ನಿಗೆ ಬುಟ್ಟಿ ಬಿತ್ತು. ನಾನು ಇಲ್ಲದ ಹಾಡು ನನ್ನ ಹಾಡು ಹೆಂಗಾಗುತ್ತೆ?”

ಅಂದು ಸಂಜೆ ಸಂಘದಿಂದ ಫೋನು ಬಂತು. ಸೋಮವಾರದೊಳಗೆ ಕಾಗದ ಅಂಚೆಗೆ ಬೀಳದಿದ್ದರೆ ನಿಮ್ಮ ಹಟ್ಟಿಯನ್ನು ಬಿಟ್ಟೇ ಹಾಡು ಕಲಿಸುತ್ತೇವೆ ಎಂದರಂತೆ. ಸುದ್ದಿ ಕೇಳಿ ಹಟ್ಟಿಗೆ ಹಟ್ಟಿಯೇ ಕಲ್ಲು ಬಿದ್ದ ಜೇನುಗೂಡಿನಂತಾಯಿತು. ನಾಲ್ಕು ಸೀಮೆಯೂ ಹಾಡುವಾಗ ನಾವು ಮಾತ್ರ ಬಾಯಿ ಮುಚ್ಚಿಕೊಂಡು ನಿಲ್ಲುವುದೇ?

ಭಾನುವಾರ ಹಟ್ಟಿಯಲ್ಲಿ ಮದುವೆ ಇತ್ತು. ಈ ಹಟ್ಟಿಯಲ್ಲಿ ಹಿಂದಿನಿಂದ ಒಂದು ರೂಢಿ. ಹೊಸ ಪದವನ್ನು ಕೂಟದಲ್ಲಿ ಒಪ್ಪುವುದಿಲ್ಲ, ಆಟದಲ್ಲಿ ಒಪ್ಪುತ್ತಾರೆ. ಸುತ್ತು ಕಟ್ಟಿ ಕುಣಿಯುವಾಗ ಯಾರು ಬೇಕಾದರೂ ಪದ ಎತ್ತಬಹುದು. ಸುತ್ತಿನ ಮುಂದೆ ಹೆಜ್ಜೆ ಹಾಕುವ ಹಿರಿಯನ ಕಾಲು ನೆಲಕ್ಕಿಳಿದು ನಿಂತರೆ ಪದ ಬಿತ್ತು. ಕಾಲು ನಡೆದರೆ ಪದ ಉಳಿಯಿತು, ಆಮೇಲೆ ಕೂಟವೂ ಅದನ್ನು ಅಳಿಸುವ ಹಾಗಿಲ್ಲ. ಹಾಗೆ ಮುಂದೆ ನಡೆಯುವವನು ಗಂಗಾಧರನೇ. ಹಾಗಾಗಿ ಮಲ್ಲಮ್ಮನ ಆಸೆ ಅವಳ ಬಾವನ ಕಾಲಿಗೆ ಕಟ್ಟಿಕೊಂಡಿತ್ತು.

ಅವರೆ ಉದಕ ಎಂಬ ಸಾರಿನ ಊಟ ಮುಗಿಯಿತು. ತಮಟೆ ಕಾಯಿಸಿದರು, ಕೊಳಲು ಎದ್ದಿತು. ಬಿಳಿ ಮುಂಡಾಸಿನ ಗಂಡಸರು ಒಳಸುತ್ತು, ಬಿಳಿ ಸೀರೆಯ ಹೆಂಗಸರು ಹೊರಸುತ್ತು. ಮೊದಲು ಕಾಲೆಳೆದಂತೆ ಹೆಜ್ಜೆ, ಆಮೇಲೆ ಬಿರುಸು, ಆಮೇಲೆ ಬೆಟ್ಟವೇ ತಿರುಗಿದಂತೆ. “ಹೌ ಹೌ” ಎಂಬ ಕೂಗು ಕಣಿವೆಯಾಚೆಯ ಹಟ್ಟಿಗೆ ಮುಟ್ಟಿ ಮರಳಿ ಬರುತ್ತಿತ್ತು. ಹಾಡು ಎಮ್ಮೆ ದಾಟಿತು, ಜೇನು ದಾಟಿತು, ಬೆಟ್ಟಗಳನ್ನು ದಾಟಿತು.

ವಾರವೆಲ್ಲ ಕೂತು ಮಲ್ಲಮ್ಮ ಒಂದು ಪದ ಕಟ್ಟಿದ್ದಳು. ಹಸಿರು ಬೆಟ್ಟ, ಚಿನ್ನದ ಎಲೆ, ಎಂದು ಚೆಂದದ ಮಾತುಗಳು. ಬಾಯಿ ತೆರೆದರೆ ಅವು ಯಾವುವೂ ಕುಣಿಯುವ ಕಾಲಿಗೆ ಕೂಡಲಿಲ್ಲ. ಮೊದಲ ಸಾಲಿಗೇ ಸುತ್ತು ತೊದಲಿತು. ಗಂಗಾಧರನ ಹೆಜ್ಜೆ ಅರ್ಧಕ್ಕೆ ಎದ್ದು ಗಾಳಿಯಲ್ಲಿ ನಿಂತಿತು.

“ಕುಣಿಯಲಾರದವಳಿಗೆ ನೆಲ ಡೊಂಕು ಅಂತಾರೆ,” ಎಂದ ಗಂಗಾಧರ, ನಗುತ್ತ. “ಇವಳಿಗೆ ಹಾಡೇ ಡೊಂಕು.”

ಹಿಂದಿನಿಂದ ಯಾರೋ ಕಿಸಕ್ಕೆಂದರು. ಮಲ್ಲಮ್ಮನಿಗೆ ನಾಚಿಕೆಯಾಗಬೇಕಿತ್ತು, ಸಿಟ್ಟು ಬಂತು. ಆ ಸಿಟ್ಟಿನಲ್ಲಿ ಕಟ್ಟಿದ ಮಾತೆಲ್ಲ ಉದುರಿಹೋಗಿ, ಅತ್ತೆ ಒಲೆಯ ಮುಂದೆ ಬೆರಳು ಕಾಯಿಸುತ್ತ ಹೇಳುತ್ತಿದ್ದ ಕತೆಯೊಂದು ನೆನಪಿಗೆ ಬಂತು. ಹಿಮ ಬಿದ್ದ ಬೆಳಗು, ಹಸಿಗೂಸು, ಎಲೆಯ ಬುಟ್ಟಿ. ಗಂಗಾಧರನ ಕಾಲು ನೆಲ ಮುಟ್ಟುವ ಮೊದಲೇ ಅವಳು ದನಿ ಎತ್ತಿದಳು.

ಮುಂದೆ ಕೂಸು, ಹಿಂದೆ ಬುಟ್ಟಿ,
ಹಿಮವು ಸುಟ್ಟ ಹತ್ತು ಬೆರಳು;
ಸಾಮೆ ಬೆಳೆದ ಹೊಲದೊಳಗೇ
ಎಲೆಯ ಕಿತ್ತು ಸಾಕಿದೆ, ಅಮ್ಮೆ.

ಗಂಗಾಧರನ ಕಾಲು ಇನ್ನೂ ಮೇಲೆಯೇ ಇತ್ತು. ಸುತ್ತೆಲ್ಲ ಅವನ ಪಾದವನ್ನೇ ನೋಡುತ್ತಿತ್ತು. ತಮಟೆಯವನು ಒಂದು ಪೆಟ್ಟು ಕೊಟ್ಟು ಕಾದ. ಮಲ್ಲಮ್ಮ ಅದೇ ಪದವನ್ನು ಮತ್ತೆ ಎತ್ತಿದಳು. ಈ ಸಲ ಪಕ್ಕದಿಂದ ಇನ್ನೊಂದು ಎಳೆಯ ದನಿ ಸೇರಿತು. ತಿರುಗಿ ನೋಡಿದರೆ ರಂಜಿತಾ, ಫೋನನ್ನು ಸೊಂಟಕ್ಕೆ ಸಿಕ್ಕಿಸಿ ಕಣ್ಣು ಮುಚ್ಚಿ ಹಾಡುತ್ತಿದ್ದಳು.

ಕಾಲು ಇಳಿಯಿತು. ಇಳಿದದ್ದು ನಿಲ್ಲಲಿಲ್ಲ, ಮುಂದಕ್ಕೆ ನಡೆಯಿತು. ಮತ್ತೊಂದು ಹೆಜ್ಜೆ, ಇನ್ನೊಂದು, ಆಮೇಲೆ ಮುದುಕ ಮದುಮಗನಿಗಿಂತ ಎತ್ತರಕ್ಕೆ ನೆಗೆದ. “ಹೌ ಹೌ” ಎಂದು ಅಂಗಳಕ್ಕೆ ಅಂಗಳವೇ ಎದ್ದಿತು. ತುಪ್ಪದಿಟ್ಟಿನ ಸಿಹಿ ಹಂಚುತ್ತಿದ್ದವರು ತಟ್ಟೆ ಇಟ್ಟು ಸುತ್ತಿಗೆ ಬಂದರು, ಒಲೆಯ ಮುಂದಿದ್ದವರು ಹಾಗೇ ಎದ್ದು ಬಂದರು. ಆ ಪದವನ್ನು ಎಷ್ಟು ಸಲ ಹಾಡಿದರೋ, ಕೊಳಲಿನವನ ಕೆನ್ನೆಯೇ ಬಲ್ಲದು.

ಆಟ ನಿಂತ ಮೇಲೆ ಗಂಗಾಧರ ಬೆವರು ಒರೆಸಿಕೊಳ್ಳುತ್ತ ಅವಳ ಮುಂದೆ ಬಂದು ನಿಂತ.

“ಆ ಕೂಸು ನಾನಲ್ಲವಾ, ಮಲ್ಲಮ್ಮ?”

“ನೀವೇ ಬಾವ. ಬುಟ್ಟಿಗಿಂತ ನಿಮ್ಮದೇ ಭಾರ ಜಾಸ್ತಿ ಅಂತ ಅತ್ತೆ ಹೇಳೋರು.”

ಅವನು ಮುಂಡಾಸು ಬಿಚ್ಚಿ ಹೆಗಲಿಗೆ ಹಾಕಿಕೊಂಡ. ಸಾಮೆಯೂ ಇದೆಯಲ್ಲ ಪದದಲ್ಲಿ, ಎಂದು ಮಾತ್ರ ಎರಡು ಸಲ ಹೇಳಿ ಮುಖ ತೊಳೆಯಲು ಹೋದ.

ಸೋಮವಾರ ಬೆಳಿಗ್ಗೆ ಪಟದ ಹಿಂದಿನಿಂದ ಕಾಗದ ಇಳಿಯಿತು. ಇಷ್ಟು ದಿನ ಕಾದು ಕಾದು ಹೆತ್ತೆಯಮ್ಮನಿಗೇ ಬೇಸರ ಬಂದಿರಬೇಕು ಎನ್ನುತ್ತ ರಂಜಿತಾ ಧೂಳು ಕೊಡವಿದಳು. ಪದವನ್ನು ಮಲ್ಲಮ್ಮನೇ ಬರೆದಳು. ಬಡಗರ ಮಾತಿಗೆ ಸ್ವಂತ ಲಿಪಿಯಿಲ್ಲ, ಅವಳು ರಾತ್ರಿ ಶಾಲೆಯಲ್ಲಿ ಕಲಿತದ್ದು ತಮಿಳು ಅಕ್ಷರ. ಅದರಲ್ಲೇ ತನ್ನ ಮಾತನ್ನು ಒಂದೊಂದಾಗಿ ಕೂರಿಸಿದಳು. ಗಂಗಾಧರ ಅಡಿಯಲ್ಲಿ ರುಜು ಹಾಕಿ, ಅನ್ನದ ಅಗುಳು ಹಚ್ಚಿ ಲಕೋಟೆ ಅಂಟಿಸಿದ.

ಮೂವರೂ ಮಂಜೂರಿನಲ್ಲಿ ಬಸ್ಸು ಇಳಿದಾಗ ಅಂಚೆಯವನು ಪೆಟ್ಟಿಗೆಯ ಬೀಗಕ್ಕೆ ಕೈ ಹಾಕಿದ್ದ. ಇರಪ್ಪ, ಇರು, ಎನ್ನುತ್ತ ಮಲ್ಲಮ್ಮ ಸೆರಗು ಬಿಗಿದು ಓಡಿದಳು. ಹಿಂದೆ ಗಂಗಾಧರ, ಅವನ ಹಿಂದೆ ನಗು ತಡೆಯಲಾರದೆ ರಂಜಿತಾ. ಎಲೆಯ ಕರೆ ಹತ್ತಿದ ಬೆರಳುಗಳು ಪೆಟ್ಟಿಗೆಯ ಬಾಯಿಯವರೆಗೆ ಹೋಗಿ ಕಾಗದವನ್ನು ಬಿಟ್ಟವು.