ಕೊಂಡವಾಡದ ಕೆಂಚ

‘ಮುಂದಿನ ಸಂತಿಯೊಳಗ ಈ ನಾಯಿ ಊರು ಬಿಡಬೇಕು. ಇಲ್ಲಂದ್ರ ರೊಟ್ಯಾಗ ವಿಷ ಇಟ್ಟು ಹಾಕ್ತೇವಿ.’

ಓಣಿಯ ಹಿರಿಯ ನಾಗಣ್ಣ ಕೊಂಡವಾಡದ ಬಾಗಿಲಲ್ಲಿ ನಿಂತು ಹೇಳಿದ. ಅವನ ಮೀನಖಂಡಕ್ಕೆ ಸುತ್ತಿದ ಬಟ್ಟೆಯಿಂದ ಇನ್ನೂ ರಕ್ತ ಒಸರುತ್ತಿತ್ತು.

ನಾನು ಎದೆ ಉಬ್ಬಿಸಿ ನಡುವೆ ನುಗ್ಗಿದೆ. ‘ಕೆಂಚನ್ನ ಮುಟ್ಟಬೇಕಂದ್ರ ಮೊದಲ ಈ ಚಂದಪ್ಪನ ಹೆಣ ದಾಟಿ ಹೋಗ್ಬೇಕು!’

‘ದಾಟ್ತೇನಿ ಬಿಡಲೇ. ನೀ ಏನ್ ಭಾಳ ದಪ್ಪ ಇಲ್ಲ.’

ಜೇವರ್ಗಿಯ ಟೆಂಟ್ ಟಾಕೀಸಿನಲ್ಲಿ ನನ್ನ ಕೆಲಸ ಟಾಂಗಾದಲ್ಲಿ ಮೈಕು ಹಿಡಿದು ಹಳ್ಳಿಹಳ್ಳಿಗೆ ಸಿನಿಮಾ ಸಾರುವುದು. ನನ್ನ ಡೈಲಾಗಿಗೆ ಇಡೀ ತಾಲೂಕು ನಗುತ್ತಿತ್ತು. ಅವತ್ತು ಖಾಸೀಂಬಿ ಚಾಚಿ ನಗಲಿಲ್ಲ.

ಬೀಡಾಡಿ ದನ ಕೂಡಿಹಾಕುವ ಆ ಕೊಂಡವಾಡಕ್ಕೆ ಚಾಚಿಯ ಗಂಡ ಕಾವಲುಗಾರನಾಗಿದ್ದ. ಅವನು ತೀರಿಕೊಂಡ ಮೇಲೆ ದನ ಬರುವುದು ನಿಂತಿತು, ನಾಯಿ ಬರುವುದು ಶುರುವಾಯಿತು. ಹೈವೇಯಲ್ಲಿ ಲಾರಿ ತಾಗಿದವು, ಹುಳ ಬಿದ್ದವು, ಯಾರಿಗೂ ಬೇಡವಾದವು. ಚಾಚಿ ಅವುಗಳ ಗಾಯ ಮಾಯಿಸುತ್ತಿದ್ದಳು, ನಾನು ಮೈಕಿನಲ್ಲಿ ಅವುಗಳಿಗೊಂದು ಮನೆ ಹುಡುಕುತ್ತಿದ್ದೆ. ಕುಂಟ ನಾಯಿಗೂ ಸಂಬಂಧ ಕುದುರಿಸಿದವನು ನಾನು.

ಕೆಂಚ ಮಾತ್ರ ಹೋಗಿರಲಿಲ್ಲ. ಢಾಬಾದ ಹಿಂದೆ ಹುಟ್ಟಿದವನು, ಮೈತುಂಬ ಕಲ್ಲೇಟಿನ ಗುರುತು. ಬೊಗಳದೆ, ಗುರ್ರೆನ್ನದೆ ಸುಮ್ಮನೆ ಮಲಗಿದ್ದವನು ಇದ್ದಕ್ಕಿದ್ದಂತೆ ಹಾರಿ ಕಚ್ಚುತ್ತಿದ್ದ. ಚಾಚಿಯನ್ನೂ ನನ್ನನ್ನೂ ಒಮ್ಮೆಯೂ ಮುಟ್ಟಿರಲಿಲ್ಲ. ಅನ್ನದ ಋಣ ಅಂತ ಚಾಚಿ ತಿಳಿದಿದ್ದಳು. ನನ್ನ ಪರ್ಸನಾಲಿಟಿ ಅಂತ ನಾನು ತಿಳಿದಿದ್ದೆ.

‘ಶಾಣ್ಯಾ ನಾಯಿ ಅಂತ ಹೇಳಿ ದಾಟಿಸಿಬಿಡ್ಲಿ?’ ಅಂದೆ.

‘ಖಬರ್‌ದಾರ್! ಕಚ್ಚತದ ಅಂತ ಹೇಳೇ ಕೊಡು. ಸುಳ್ಳ ಹೇಳಿ ಕೊಟ್ರ ನಾಯಿ ತಿರುಗಿ ಬರಂಗಿಲ್ಲ ಬೇಟಾ, ಅದರ ಸುದ್ದಿ ಬರ್ತದ.’

ಹೇಳಿಯೇ ಕೊಟ್ಟೆವು. ಕೊಳಕೂರಿನ ಬಸವಂತರಾಯ ಸಾವ್ಕಾರರಿಗೆ ಅದೇ ಹಿಡಿಸಿತು. ‘ಕಚ್ಚಲಾರದ ನಾಯಿ ತಗೊಂಡು ಏನ್ ಆರತಿ ಮಾಡ್ಲ್ಯಾ? ಬಿಟ್ಟು ಹೋಗು.’

ಎರಡು ದಿನ ಬಿಟ್ಟು ನೋಡಲು ಹೋದೆ. ಕೆಂಚ ಕಟ್ಟೆಯ ಮೇಲೆ ಸಾವ್ಕಾರರ ಕಾಲ ಬಳಿ ಮಲಗಿದ್ದ, ಬೆಳ್ಳಿ ಗೆಜ್ಜೆಯ ಪಟ್ಟಿ ಬೇರೆ. ‘ಏನ್ ಬಾಸ್, ಬಡವರನ್ನ ಮರೆತೇಬಿಟ್ಟ್ಯಾ?’ ಅಂದೆ. ಬಾಲ ಆಡಿಸಿದ. ಅಷ್ಟರಲ್ಲಿ ಕಲಬುರ್ಗಿಯಲ್ಲಿ ಕಾಲೇಜು ಓದುವ ಮೊಮ್ಮಗ ಬ್ಯಾಗು ಹೊತ್ತು ಬಂದ. ಕೆಂಚ ಕಣ್ಣು ತೆರೆದು ನೋಡಿ ಮತ್ತೆ ಮುಚ್ಚಿದ. ಹುಡುಗ ಬ್ಯಾಗು ಇಳಿಸಿ, ‘ಶರಣ್ರಿ ಮುತ್ಯಾ’ ಎಂದು ಕಾಲು ಮುಟ್ಟಲು ಬಾಗಿದ.

ಮುಂಗೈಯ ಮಾಂಸ ಕಿತ್ತು ಬಂತು.

ಆ ಕ್ಷಣದಲ್ಲಿ ನನಗೆ ಎಲ್ಲ ಹೊಳೆಯಿತು. ನಾಗಣ್ಣ ಅವತ್ತು ಕಳಚಿದ ಚಪ್ಪಲಿ ಹಾಕಿಕೊಳ್ಳಲು ಬಾಗಿದ್ದ. ಅದಕ್ಕೂ ಮೊದಲು ಕಚ್ಚಿಸಿಕೊಂಡ ರೇವಮ್ಮ ಸಗಣಿ ಬಳಿಯಲು ಬಾಗಿದ್ದಳು. ಯಾರು ಬಾಗಿದರೂ ಕಲ್ಲಿಗೇ ಎಂದು ಕೆಂಚ ಕಲಿತಿದ್ದ. ಚಾಚಿಯ ಮೊಣಕಾಲನ್ನು ಎಂದೋ ಒಂದು ಹೋರಿ ಒದ್ದು ಮುರಿದಿತ್ತು. ಬಗ್ಗಲಾಗದೆ ಅವಳು ನಿಂತೇ ರೊಟ್ಟಿ ಹಾಕುತ್ತಿದ್ದಳು. ನಾನು ಹೀರೋನ ಹಾಗೆ ಸೆಟೆದು ನಿಲ್ಲುವವನು. ಕಚ್ಚುತ್ತಾನೆ ಎಂದು ಸಾವ್ಕಾರರಿಗೆ ಹೇಳಿದ್ದೆವು. ಆದರೆ ಬಂದವರೆಲ್ಲ ಕಾಲಿಗೆರಗುವ ಮನೆ ಇದು ಎಂದು ನಮಗೆ ಹೊಳೆದಿರಲೇ ಇಲ್ಲ.

ಸಾವ್ಕಾರರು ಬೈಯಲಿಲ್ಲ. ಮೊಮ್ಮಗನ ಕೈಗೆ ಧೋತರದ ಚುಂಗು ಸುತ್ತುತ್ತ, ‘ಹೊಕ್ಕಳ ಸುತ್ತ ಸೂಜಿ ಚುಚ್ಚಿಸಬೇಕು ಈ ಕೂಸಿಗೆ,’ ಅಂದರು. ‘ನಾಯಿ ಒಯ್ಯಿ ತಮ್ಮಾ. ನಾ ಬಂದೂಕು ತರೂದ್ರೊಳಗ ಒಯ್ಯಿ.’

ನಾನು ಬಾಗದೆ, ನಿಂತಲ್ಲೇ ಸೀಟಿ ಹೊಡೆದು ಕೆಂಚನನ್ನು ಟಾಂಗಾ ಹತ್ತಿಸಿದೆ.

ಟಾಂಗಾದಲ್ಲಿ ಕೆಂಚ ನನ್ನ ತೊಡೆಯ ಮೇಲೆ ತಲೆಯಿಟ್ಟು ನಿದ್ದೆ ಹೋದ. ದಾರಿಯ ಎರಡೂ ಬದಿ ಹೊಲಗಳಲ್ಲಿ ಹೆಂಗಸರು ಬಾಗಿ ಕಸ ತೆಗೆಯುತ್ತಿದ್ದರು. ಗುಡಿಯಲ್ಲಿ ಬಾಗುತ್ತಾರೆ, ಮಸೀದಿಯಲ್ಲಿ ಬಾಗುತ್ತಾರೆ, ಬಾವಿಯಲ್ಲಿ, ಒಲೆಯ ಮುಂದೆ. ಬಾಗದ ಊರನ್ನು ಎಲ್ಲಿಂದ ತರುವುದು?

ಎಲ್ಲವನ್ನೂ ಕೇಳಿ ಚಾಚಿ ತನ್ನ ಮೊಣಕಾಲು ನೀವಿಕೊಂಡಳು. ‘ಹಂಗಂದ್ರ ನಾನೇ ಹೋಗ್ಬೇಕು.’

‘ಎಲ್ಲಿಗಿ?’

‘ಮಣ್ಣೂರಿಗಿ. ನಮ್ಮ ಅಣ್ಣ ಹುಸೇನಸಾಬ ಭೀಮಾ ದಂಡಿಮ್ಯಾಲ ಒಂದು ಗುಡಸಲಾ ಹಾಕ್ಯಾನ. ಸುತ್ತ ಬರೇ ಉಸುಕು, ಕಲ್ಲಿಲ್ಲ. ಯಾರೂ ಬರಂಗಿಲ್ಲ.’

‘ಮಳಿಗಾಲದಾಗ ಹೊಳಿ ಬಂದ್ರ?’

‘ನೋಡೂಣು.’

‘ನಿಮ್ಮ ಅಣ್ಣ ಬಗ್ಗಂಗಿಲ್ಲೇನ್ ಚಾಚಿ? ನಮಾಜ್ ಮಾಡಂಗಿಲ್ಲೇನ್?’

‘ಆವಾಗ ಕೆಂಚನ್ನ ಹಿಡ್ಕೊಂಡು ಕುಂದರ್ತೇನಿ. ದಿನಾ.’

‘ಮತ್ತ ಉಳಿದ ನಾಯಿಗೋಳು?’

‘ನೀ ಅದಿಯಲ್ಲ. ಹೆಣ ದಾಟಿ ಹೋಗ್ರಿ ಅಂದಿದ್ದಿ. ಹೆಣ ಬ್ಯಾಡ, ರೊಟ್ಟಿ ಹಾಕು ಸಾಕು.’

ಸಂತೆಯ ಹಿಂದಿನ ದಿನ ಬೆಳಿಗ್ಗೆ ಅದೇ ಟಾಂಗಾ ಕೊಂಡವಾಡದ ಮುಂದೆ ನಿಂತಿತು. ಚಾಚಿ ಒಂದು ಗಂಟು ಹಿಡಿದು ಕಷ್ಟಪಟ್ಟು ಹತ್ತಿ ಕುಳಿತಳು. ಕೆಂಚ ಅವಳ ಪಕ್ಕಕ್ಕೆ ಹಾರಿದ. ಒಳಗಿನಿಂದ ನಾಯಿಗಳೆಲ್ಲ ಒಟ್ಟಿಗೆ ಊಳಿಡತೊಡಗಿದವು. ನಾಗಣ್ಣ ದೂರದ ಅಂಗಡಿಯ ಕಟ್ಟೆಯಲ್ಲಿ ಮುಖ ಆಚೆ ತಿರುಗಿಸಿ ಕುಳಿತಿದ್ದ.

ಮೆಟ್ಟಿಲ ಮೇಲೆ ಚಾಚಿಯ ಪಾದ ನನ್ನ ಕೈಗೆಟುಕುವಷ್ಟು ಹತ್ತಿರದಲ್ಲಿತ್ತು. ತಾಯಿಯಿಲ್ಲದ ನಾನು ಇಂಥ ಹೊತ್ತಿನಲ್ಲಿ ಮುಟ್ಟಬೇಕಾದ ಕಾಲು ಅದೊಂದೇ. ಸೊಂಟ ಬಾಗಲು ಹೊರಟಿತು.

ಕೆಂಚ ನನ್ನನ್ನೇ ನೋಡುತ್ತಿದ್ದ. ಬಾಲ ಆಡುವುದು ನಿಂತಿತ್ತು.

ನಾನು ಮತ್ತೆ ನೆಟ್ಟಗಾದೆ. ಎದೆ ಉಬ್ಬಿಸಿ, ಹಣೆಗೆ ಕೈಯೊತ್ತಿ ಸಲಾಂ ಹೊಡೆದೆ. ಚಾಚಿ ಅವತ್ತು ಮೊದಲ ಸಲ ನಕ್ಕಳು. ಬಾಲ ನಿಧಾನವಾಗಿ ಮತ್ತೆ ಆಡಿತು. ಟಾಂಗಾ ಹೈವೇಗೆ ತಿರುಗುವವರೆಗೂ ನಾನು ಕೈ ಇಳಿಸಲಿಲ್ಲ.