ಹಡಗು ಹೊರಟ ದಿನದ ಒಗೆತ

ಇಂಗ್ಲೆಂಡಿನ ಹಲ್ ಪಟ್ಟಣದ ಹೆಸ್ಸಲ್ ರಸ್ತೆಯ ಹೆಂಗಸರಿಗೆ ಇಲೋನಾಳನ್ನು ಬೈಯುವುದಕ್ಕೆ ಕಾರಣ ಬೇಕಿರಲಿಲ್ಲ. ಬೇಕೆಂದವರಿಗೆ ಕಾರಣಗಳ ಬರವೂ ಇರಲಿಲ್ಲ. ಅವಳು ಹಂಗೇರಿಯವಳು, ಗಂಡನಿಗಿಂತ ಏಳು ವರ್ಷ ದೊಡ್ಡವಳು, ಮೊದಲೊಬ್ಬನನ್ನು ಕಟ್ಟಿಕೊಂಡು ಬಿಟ್ಟವಳು. ಗಂಡ ಡೆನ್ನಿ ಟಾಸ್ಕರ್ ಇದೇ ಬೀದಿಯಲ್ಲಿ ಮೀನುಗಾರನ ಮಗನಾಗಿ ಹುಟ್ಟಿ, ಗಿಟಾರ್ ಹಿಡಿದು ಲೋಕವನ್ನೇ ಕುಣಿಸಿದವನು. ಅವನ ತಂಡ ಒಡೆದ ದಿನ ಮೀನಿನ ಶೆಡ್ಡಿನ ಹುಡುಗಿಯರು ಚಾಕು ಕೆಳಗಿಟ್ಟು ಅತ್ತಿದ್ದರು. ಒಡೆದವಳು ಇಲೋನಾಳೇ ಎಂದು ಬೀದಿ ತೀರ್ಮಾನಿಸಿತ್ತು. ತಂಡದ ನಾಲ್ವರೂ ಎರಡು ವರ್ಷದಿಂದ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ ಎಂಬುದು ಯಾರಿಗೂ ಬೇಕಿರಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವುದು ಎಲ್ಲ ಊರಲ್ಲೂ ನಡೆಯುವ ವೈದ್ಯವೇ.

ಸಾಲದ್ದಕ್ಕೆ ಅವಳು ಕಲಾವಿದೆ. ಲಂಡನ್ನಿನ ಒಂದು ಚಿತ್ರಶಾಲೆಯಲ್ಲಿ ಮೇಜಿನ ತುಂಬ ಈರುಳ್ಳಿ ರಾಶಿ ಹಾಕಿಕೊಂಡು ಮೂರು ದಿನ ಕೂತಿದ್ದಳು. ಬಂದವರು ಎದುರು ಕುರ್ಚಿಯಲ್ಲಿ ಕೂತು, ಒಂದು ಈರುಳ್ಳಿ ಹೆಚ್ಚಿ, ಅವಳ ಜೊತೆ ಕಣ್ಣೀರು ಹಾಕಿ ಎದ್ದು ಹೋಗಬೇಕು. ಅದೇ ಕಲೆ. ಪತ್ರಿಕೆಗಳು ಅವಳಿಗೆ 'ಈರುಳ್ಳಿ ಮಾಟಗಾತಿ' ಎಂದು ಹೆಸರಿಟ್ಟವು.

"ಈರುಳ್ಳಿ ಹೆಚ್ಚೋದೇ ಕಲೆ ಆಗಿದ್ರೆ ನಮ್ಮಮ್ಮನ್ನ ರಾಣಿ ಕರೆದು ಪದಕ ಹಾಕ್ಬೇಕಿತ್ತು," ಎಂದಿದ್ದಳು ಗ್ಲ್ಯಾಡಿಸ್ ಪುಲ್ಲನ್. ಗಂಡನನ್ನೂ ಒಬ್ಬ ಮಗನನ್ನೂ ಸಮುದ್ರಕ್ಕೆ ಕೊಟ್ಟ ಗ್ಲ್ಯಾಡಿಸ್ ಆ ಬೀದಿಯ ನ್ಯಾಯಾಧೀಶೆ. ಅವಳ ಮಾತಿಗೆ ಎಲ್ಲರಿಗಿಂತ ಜೋರಾಗಿ ನಕ್ಕವಳು ಬೆರಿಲ್.

ಬೆರಿಲ್ ನಗಲೇಬೇಕಿತ್ತು. ಅವಳು ಡೆನ್ನಿಯ ತಮ್ಮ ಕ್ಲಿಫ್‌ನ ಹೆಂಡತಿ, ಅಂದರೆ ಮಾಟಗಾತಿಗೆ ನೆಂಟಳು. ನೆಂಟಸ್ತನದ ಕಳಂಕ ಕಳೆಯಬೇಕಾದರೆ ಉಳಿದವರಿಗಿಂತ ಒಂದು ಕೈ ಹೆಚ್ಚಾಗಿಯೇ ನಗಬೇಕು. ಬೆರಿಲ್ ಅನಾಥಾಶ್ರಮದಲ್ಲಿ ಬೆಳೆದವಳು. ಈ ಬೀದಿ ಅವಳನ್ನು ನಮ್ಮವಳು ಎನ್ನುವುದಕ್ಕೆ ಆರು ವರ್ಷ ತೆಗೆದುಕೊಂಡಿತ್ತು. ಸಿಕ್ಕಿದ್ದನ್ನು ಬಿಟ್ಟುಕೊಡುವ ಹೆಣ್ಣಲ್ಲ ಅವಳು.

ಆ ವರ್ಷ ಜನವರಿಯಲ್ಲಿ ಇಬ್ಬರಿಗೂ ಅತ್ತೆಯಾದ ಏಡಾ ಮಂಜಿನ ಮೇಲೆ ಜಾರಿ ಮಣಿಕಟ್ಟು ಮುರಿದುಕೊಂಡಳು. ಡೆನ್ನಿ ಅಮೆರಿಕದಲ್ಲಿ ಹಾಡು ಧ್ವನಿಮುದ್ರಿಸುತ್ತಿದ್ದ. ಇಲೋನಾ ಒಂದೇ ಪೆಟ್ಟಿಗೆ ಹಿಡಿದು ರೈಲಿನಲ್ಲಿ ಬಂದಿಳಿದಳು, ಅತ್ತೆಯನ್ನು ನೋಡಿಕೊಳ್ಳುವುದಕ್ಕೆ. ಬಂದ ಮರುದಿನ ಬ್ರೆಡ್ ತರಲು ಮೂಲೆಯಂಗಡಿಗೆ ಹೋದಳು.

"ಬ್ರೆಡ್ ಖಾಲಿ," ಎಂದ ಅಂಗಡಿಯವನು. ಅವನ ಬೆನ್ನ ಹಿಂದೆ ಹನ್ನೆರಡು ಬ್ರೆಡ್ ಸಾಲಾಗಿ ಕೂತಿದ್ದವು.

ಇಲೋನಾ ಬ್ರೆಡ್ಡುಗಳನ್ನು ನೋಡಿದಳು, ಅವನನ್ನು ನೋಡಿದಳು, "ಸರಿ, ನಾಳೆ ಬರ್ತೀನಿ," ಎಂದು ಹೊರಟಳು. ಸಾಲಿನಲ್ಲಿದ್ದ ಹೆಂಗಸರು ಬಾಗಿಲು ಮುಚ್ಚುವ ತನಕವೂ ತಾಳದೆ ನಕ್ಕರು. ಬೆರಿಲ್ ಆ ಹನ್ನೆರಡರಲ್ಲಿ ಎರಡನ್ನು ಕೊಂಡು ಮನೆಗೆ ಬಂದಳು.

ಅದಾದ ವಾರಕ್ಕೆ ಕ್ಲಿಫ್ ದುಡಿಯುತ್ತಿದ್ದ ಮೀನು ಹಿಡಿಯುವ ಹಡಗು 'ಗ್ರೇ ಕರ್ಲ್ಯೂ' ಐಸ್‌ಲೆಂಡಿನ ಕಡೆಗೆ ಹೊರಟಿತು. ಮೂರು ವಾರ ಸಮುದ್ರ, ಮೂರು ದಿನ ಮನೆ. ಆ ಬೀದಿಯ ಗಂಡಸರ ಬದುಕೇ ಅಷ್ಟು. ನಸುಕಿನಲ್ಲಿ ಟ್ಯಾಕ್ಸಿ ಬಂತು. ಬೆರಿಲ್ ಹೊಸಿಲು ದಾಟಲಿಲ್ಲ, ಕೈ ಬೀಸಲಿಲ್ಲ. ಬೀಸಿದರೆ ಅಲೆ ಬಂದು ಗಂಡನನ್ನು ಕರೆದೊಯ್ಯುತ್ತದೆ ಎಂಬುದು ಆ ಬೀದಿಯ ನಂಬಿಕೆ. ಹೊರಟ ದಿನ ಬಟ್ಟೆಯನ್ನಂತೂ ನೀರಿಗೆ ಹಾಕುವಂತೆಯೇ ಇಲ್ಲ, ಹಾಕಿದರೆ ಗಂಡನನ್ನೇ ತೊಳೆದು ಕಳಿಸಿದ ಹಾಗೆ. ಚರ್ಚಿಗೆ ಹೋಗದವರು ಆ ಬೀದಿಯಲ್ಲಿ ಬೇಕಾದಷ್ಟು ಜನ ಇದ್ದರು, ಹಡಗು ಹೊರಟ ದಿನ ಬಟ್ಟೆ ಒಗೆದವಳು ಮಾತ್ರ ಒಬ್ಬಳೂ ಇರಲಿಲ್ಲ.

ಆದರೆ ಮೂರು ವರ್ಷದ ಮಗಳು ಜ್ಯಾನೆಟ್‌ಗೆ ದಡಾರ. ಇದ್ದದ್ದು ಎರಡು ಬೆಡ್‌ಶೀಟು. ಒಂದನ್ನು ಮಗು ಹಿಂದಿನ ದಿನವೇ ಕೆಡಿಸಿತ್ತು. ಟ್ಯಾಕ್ಸಿ ಹೋಗಿ ಗಂಟೆಯಾಗುವಷ್ಟರಲ್ಲಿ ಎರಡನೆಯದರ ಮೇಲೂ ವಾಂತಿ, ಭೇದಿ ಎಲ್ಲ ಆಯಿತು. ಬರೀ ಹಾಸಿಗೆಯ ಮೇಲೆ ಕ್ಲಿಫ್‌ನ ಕೋಟು ಹೊದ್ದು ಮಗು ಗಡಗಡ ನಡುಗುತ್ತಿತ್ತು. ಬೆರಿಲ್ ಹತ್ತು ಗಂಟೆಯವರೆಗೂ ತಡೆದಳು. ಆಮೇಲೆ ಹಿಂದಿನ ಕೋಣೆಯ ಪರದೆ ಎಳೆದು, ಕಣ್ಣುಮುಚ್ಚಿ, ಶೀಟನ್ನು ನೀರಿಗೆ ಅದ್ದಿದಳು. ಅವಸರದಲ್ಲಿ ಹಿಂಬಾಗಿಲ ಚಿಲಕ ಮರೆತಿದ್ದಳು.

ಬಂದದ್ದು ಗ್ಲ್ಯಾಡಿಸ್ ಅಲ್ಲ, ಇಲೋನಾ. ಕೈಯಲ್ಲಿ ಮಗುವಿಗೆಂದು ಸೂಪಿನ ಪಾತ್ರೆ.

"ಬಾಗ್ಲು ಹಾಕು! ಬೇಗ ಹಾಕು!" ಬೆರಿಲ್ ಶೀಟನ್ನು ನೀರಿನೊಳಕ್ಕೆ ಒತ್ತಿದಳು. "ನೀನೇನೂ ನೋಡ್ಲಿಲ್ಲ, ತಿಳೀತಾ? ಯಾರಿಗಾದ್ರೂ ಬಾಯಿಬಿಟ್ಟರೆ ನನ್ನ ಕತೆ ಮುಗೀತು."

"ಬಟ್ಟೆ ಒಗೆದದ್ದಕ್ಕಾ?"

ಬೆರಿಲ್ ಹೇಳಿದಳು. ಹೇಳುತ್ತ ಹೇಳುತ್ತ ಅತ್ತಳು. ಇಲೋನಾ ನಗಲಿಲ್ಲ. ಪಾತ್ರೆ ಕೆಳಗಿಟ್ಟು, ಅಂಗಿಯ ತೋಳು ಮಡಚಿ, ಒದ್ದೆ ಶೀಟಿನ ಇನ್ನೊಂದು ತುದಿ ಹಿಡಿದಳು. ಇಬ್ಬರೂ ಸೇರಿ ಹಿಂಡಿದರು.

"ಒಲೆ ಮುಂದೆ ಹರವಿದ್ರೆ?"

"ಹಡಗು ಹೊರಟ ದಿನ ಎಲ್ಲಾರೂ ಇಲ್ಲಿಗೇ ಬಂದು ಕೂರ್ತಾರೆ, ಬಾಗ್ಲು ತಟ್ಟೋ ಪದ್ಧತಿಯೂ ಇಲ್ಲ. ಸಂಜೆವರೆಗೂ ಹೀಗೇ ಇಟ್ರೆ ಮಗು ಗತಿ ಏನು?"

ಇಲೋನಾ ಒಳಗೆ ಇಣುಕಿ ಮಗುವನ್ನು ನೋಡಿ ಬಂದಳು. "ಕೊಡು. ಅತ್ತೆ ಮನೆ ಹಿತ್ತಲಲ್ಲಿ ಹಾಕ್ತೀನಿ. ಗಾಳಿ ಇದೆ, ಒಂದು ಗಂಟೆಯಲ್ಲಿ ಒಣಗುತ್ತೆ. ಯಾರಾದ್ರೂ ಕೇಳಿದ್ರೆ ನಂದು ಅಂತೀನಿ."

"ಸೀಳಿ ಹಾಕ್ತಾರೆ ನಿನ್ನ."

"ಬ್ರೆಡ್ಡೇ ಕೊಡದವರು, ಇನ್ನೇನು ಮಾಡ್ತಾರೆ? ಹೇಗೂ ಬೈತಾರೆ. ಬೈಗುಳ ಒಂದು ಜಾಸ್ತಿಯಾದ್ರೆ ನಂಗೇನೂ ಭಾರ ಆಗಲ್ಲ."

ಬೇಡ ಎನ್ನಬೇಕಿತ್ತು ಬೆರಿಲ್. ಬಾಯಿ ತೆರೆದಳು ಕೂಡ. ಆದರೆ ಶೀಟನ್ನು ಮಡಚಿ ಇಲೋನಾಳ ಕೈಗಿಟ್ಟದ್ದು ಅವಳದೇ ಕೈ.

ಹಿಂದಿನ ಓಣಿಯ ಆಚೆ ಏಡಾಳ ಹಿತ್ತಲು. ಬೆರಿಲ್ ಪರದೆಯ ಸಂದಿಯಿಂದ ನೋಡಿದಳು. ಇಲೋನಾ ಕ್ಲಿಪ್ಪುಗಳನ್ನು ಹಲ್ಲಲ್ಲಿ ಕಚ್ಚಿಕೊಂಡು, ಗಾಳಿಗೆ ಒದ್ದಾಡುವ ಬಟ್ಟೆಯನ್ನು ಹಗ್ಗಕ್ಕೆ ಸಿಕ್ಕಿಸುತ್ತಿದ್ದಳು. ಚಳಿಗೆ ಅವಳ ಬೆರಳು ಕೆಂಪಾಗಿದ್ದವು. ಕಾಲುಗಂಟೆ ಕಳೆಯಲಿಲ್ಲ, ಗ್ಲ್ಯಾಡಿಸ್‌ಳ ಕೂಗು ಬೀದಿಯ ಆ ತುದಿಗೂ ಕೇಳಿಸಿತು.

"ಬನ್ರೇ, ಎಲ್ಲಾರೂ ಬನ್ರೇ! ನಮ್ಮ ಗಂಡಸ್ರನ್ನ ತೊಳೆದು ಹಾಕ್ತಾವ್ಳೆ ಈ ಬಿತ್ರಿ!"

ಹಿತ್ತಲಲ್ಲಿ ಇಪ್ಪತ್ತು ಜನ ಸೇರಿದರು. ಬೆರಿಲ್‌ಳೂ ಹೋದಳು, ಹೋಗದಿದ್ದರೆ ಎದ್ದು ಕಾಣುತ್ತಿತ್ತಲ್ಲ.

"ಯಾರದೇ ಇದು?" ಗ್ಲ್ಯಾಡಿಸ್ ಶೀಟನ್ನು ಕಿತ್ತು ಕೆಸರಿಗೆ ಹಾಕಿ ತುಳಿದಳು.

"ನಂದು," ಎಂದಳು ಇಲೋನಾ.

ಏಡಾ ಪ್ಲಾಸ್ಟರ್ ಹಾಕಿದ ಕೈಯನ್ನು ಎದೆಗೊತ್ತಿಕೊಂಡು ಹೊರಬಂದಳು. ಎಂಟು ದಿನದಿಂದ ಸೊಸೆಯ ಕೈಯಿಂದ ಉಂಡಿದ್ದಳು, ಅವಳ ಕೈಯಿಂದ ತಲೆ ಬಾಚಿಸಿಕೊಂಡಿದ್ದಳು. "ನನ್ನ ಮಗ ಬೆಳಿಗ್ಗೆ ತಾನೇ ಹೋಗಿದಾನಲ್ಲಮ್ಮಾ. ನಾ ನಿಂಗೆ ಏನ್ ಕಡಿಮೆ ಮಾಡಿದ್ದೆ?"

ಆಗ ಮಾತ್ರ ಇಲೋನಾ ಬೆರಿಲ್ ಕಡೆ ನೋಡಿದಳು. ಬೆರಿಲ್ ತನ್ನ ಚಪ್ಪಲಿ ನೋಡಿಕೊಂಡಳು.

ಯಾರೋ ಪುಣ್ಯಾತ್ಮರು ಪತ್ರಿಕೆಗೆ ಫೋನ್ ಮಾಡಿದ್ದರು. ಮರುದಿನ ಲಂಡನ್ನಿನ ಪತ್ರಿಕೆಗಳಲ್ಲಿ ಕೆಸರು ಶೀಟಿನ ಪಕ್ಕ ನಿಂತ ಇಲೋನಾಳ ಫೋಟೊ ಬಂತು, ಮಾಟಗಾತಿಯ ಹೊಸ ಕಲಾಕೃತಿ ಎಂಬ ತಲೆಬರಹದೊಡನೆ. ಒಬ್ಬ ವಿಮರ್ಶಕ ಅದನ್ನು ಧೀರ ಕೃತಿ ಎಂದೂ ಬರೆದುಬಿಟ್ಟ. ಹೊಗಳಿದವನಿಂದಲೇ ಅವಳಿಗೆ ಹೆಚ್ಚು ಪೆಟ್ಟು ಬಿತ್ತು. ಶೀಟು ಕೆಸರಿಗೆ ಬಿದ್ದ ಸಂಜೆಯೇ ಅವಳು ತನ್ನ ಹಾಸಿಗೆಯ ಶೀಟನ್ನೇ ತೆಗೆದು, ಮಡಚಿ ಕೋಟಿನೊಳಗಿಟ್ಟುಕೊಂಡು ತಂದು ಬೆರಿಲ್‌ಗೆ ಕೊಟ್ಟು ಹೋಗಿದ್ದಳೆಂದು ಯಾವ ಪತ್ರಿಕೆಯೂ ಬರೆಯಲಿಲ್ಲ, ಬರೆಯಲು ಯಾರಿಗೂ ಗೊತ್ತಿರಲಿಲ್ಲ.

ಹನ್ನೆರಡನೆಯ ದಿನ 'ಗ್ರೇ ಕರ್ಲ್ಯೂ'ವಿನ ರೇಡಿಯೊ ನಿಂತುಹೋಯಿತು. ಹದಿನೈದನೆಯ ದಿನ ಹಡಗಿನ ಕಂಪನಿಯವನೊಬ್ಬ ಪಾದ್ರಿಯ ಜೊತೆ ಬೀದಿಗೆ ಬಂದ. ಬಿರುಗಾಳಿಯಲ್ಲಿ ಹಡಗಿನ ಮೇಲೆ ಹಿಮ ಕಟ್ಟಿ, ಆ ಭಾರಕ್ಕೆ ಮಗುಚಿಕೊಂಡಿತ್ತು. ಹತ್ತೊಂಬತ್ತು ಜನ. ಒಬ್ಬನೂ ಉಳಿಯಲಿಲ್ಲ.

ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಗಿತ್ತು, ಅಷ್ಟೆ. ಆದರೆ ಹತ್ತೊಂಬತ್ತು ಮನೆಯ ದುಃಖದ ಎದುರು ಈ ಗಾದೆ ಹೇಳುವ ಧೈರ್ಯ ಯಾರಿಗಿದೆ? ಹಿಮಕ್ಕೆ ಬೈದು ಪ್ರಯೋಜನವಿಲ್ಲ, ಕಂಪನಿಗೆ ಬೈದರೆ ಉಳಿದ ಗಂಡಸರಿಗೆ ಕೆಲಸವಿಲ್ಲ. ಇಲೋನಾಳಿಗೆ ಬೈದರೆ ಯಾರಿಗೂ ನಷ್ಟವಿಲ್ಲ. ಏಡಾಳ ಬಾಗಿಲ ಮೇಲೆ ಬಕೆಟ್‌ಗಟ್ಟಲೆ ಮೀನಿನ ಕರುಳು ಬಿತ್ತು. ಬಿದ್ದವಳಿಗೆ ಆಳಿಗೊಂದು ಕಲ್ಲು ಎಂದು ಊರಿಗೆ ಊರೇ ಕಾಗದ ಬರೆಯಿತು: ಸೂಳೆ, ಕೊಲೆಗಾತಿ, ನಿನ್ನ ದೇಶಕ್ಕೆ ಹೋಗು. ಏಡಾ ಸೊಸೆಯ ಪೆಟ್ಟಿಗೆಯನ್ನು ತಾನೇ ಒಂದು ಕೈಯಲ್ಲಿ ಎಳೆದು ಬೀದಿಗಿಟ್ಟಳು. ಇಲೋನಾ ಸ್ಟೇಷನ್ ಹತ್ತಿರದ ಹೋಟೆಲ್ಲಿಗೆ ಹೋಗಿ, ಡೆನ್ನಿ ಬರುವ ತನಕ ಅಲ್ಲೇ ಉಳಿದಳು.

ಬೆರಿಲ್‌ಳ ಮನೆಯಲ್ಲಿ ಮಾತ್ರ ಜನವೋ ಜನ. ಸ್ಟ್ಯೂ ತಂದವರು, ಮಗುವನ್ನು ಎತ್ತಿಕೊಂಡವರು, ಕಲ್ಲಿದ್ದಲು ತುಂಬಿಸಿಕೊಟ್ಟವರು. ಗ್ಲ್ಯಾಡಿಸ್ ಅವಳ ತಲೆಯನ್ನು ಮಡಿಲಲ್ಲಿಟ್ಟುಕೊಂಡು, "ಅಳು ಚಿನ್ನ, ಅಳು. ಆ ಮುಂಡೆ ನಿನ್ನ ಗಂಡನ್ನ ತಿಂದ್ಳು," ಎನ್ನುತ್ತಿದ್ದಳು. ಬೆರಿಲ್ ಆ ಮಡಿಲಲ್ಲಿ ಮುಖ ಹುದುಗಿಸಿದಳು. ಹಿಮದ ಮಾತನ್ನು ಅವಳು ನಂಬಿರಲಿಲ್ಲ. ಶೀಟನ್ನು ನೀರಿಗೆ ಅದ್ದಿದವಳು ತಾನು, ಕ್ಲಿಫ್‌ನನ್ನೂ ಹದಿನೆಂಟು ಜನರನ್ನೂ ಕೊಂದವಳು ತಾನು ಎಂದೇ ಅವಳು ನಂಬಿದ್ದಳು. ಎರಡು ಸಲ ಹೇಳಿಬಿಡಬೇಕೆಂದು ಏಡಾಳ ಬಾಗಿಲ ತನಕ ಹೋದಳು. ಹೇಳಿದರೆ ಈ ಮಡಿಲು ಇರುವುದಿಲ್ಲ, ಸ್ಟ್ಯೂ ಇರುವುದಿಲ್ಲ, ಜ್ಯಾನೆಟ್‌ಳನ್ನು ಈ ಬೀದಿಯ ಮಕ್ಕಳು ಆಟಕ್ಕೆ ಸೇರಿಸುವುದಿಲ್ಲ. ಎರಡು ಸಲವೂ ತಿರುಗಿ ಬಂದಳು.

ಭಾನುವಾರ ಮೀನುಗಾರರ ಪ್ರಾರ್ಥನಾ ಮಂದಿರದಲ್ಲಿ ಸತ್ತವರ ಸ್ಮರಣೆ. ಡೆನ್ನಿ ಬಂದ. ಜೊತೆಗೆ ಇಲೋನಾ, ಕಪ್ಪು ಕೋಟು, ತಲೆಗೆ ಕಪ್ಪು ಬಟ್ಟೆ. ಹೆಂಗಸರು ಬಾಗಿಲಿಗೆ ಅಡ್ಡ ನಿಂತರು.

"ನೀ ಬಾರೋ ಡೆನ್ನಿ, ನೀ ನಮ್ಮ ಹುಡುಗ," ಎಂದಳು ಗ್ಲ್ಯಾಡಿಸ್. "ಆ ಮಾಟಗಾತಿ ಹೊರಗಿರ್ಲಿ."

"ನನ್ನ ತಮ್ಮ ಸತ್ತಿರೋದು, ಗ್ಲ್ಯಾಡಿಸ್. ಇವಳು ನನ್ನ ಹೆಂಡ್ತಿ. ದಾರಿ ಬಿಡಿ."

"ನಿನ್ನ ತಮ್ಮನ ಹೆಂಡ್ತಿ ಇಲ್ಲೇ ಇದಾಳಲ್ಲ. ಎಲ್ಲಾರಿಗಿಂತ ಅವಳಿಗೆ ಹಕ್ಕು ಜಾಸ್ತಿ. ಬೆರಿಲ್, ನೀ ಬಿಡು ಅಂದ್ರೆ ಬಿಡ್ತೀವಿ. ನೀನೇ ಹೇಳು ಕಂದ."

ಹೆಂಗಸರು ಸರಿದು ಬೆರಿಲ್‌ಗೆ ಜಾಗ ಮಾಡಿದರು. ಈಗ ಅವಳೂ ಇಲೋನಾಳೂ ಎದುರುಬದುರು. ಪಾದ್ರಿಯೂ ಹೊರಗೆ ಬಂದು ನಿಂತಿದ್ದ. ಏಡಾ ಬೆರಿಲ್‌ಳ ತೋಳು ಹಿಡಿದಿದ್ದಳು.

ಡೆನ್ನಿ ಅಂಗಲಾಚಿದ. "ಬೆರಿಲ್, ಒಂದು ಮಾತು ಹೇಳು. ಒಂದು ಶೀಟಿಂದ ಹಡಗು ಮುಳುಗುತ್ತಾ? ಇವಳು ನಂಗೂ ಏನೂ ಹೇಳ್ತಿಲ್ಲ. ಯಾಕೆ ಒಗೆದೆ ಅಂದ್ರೆ ಸುಮ್ನೆ ಕೂರ್ತಾಳೆ."

ಹಾಗಾದರೆ ಗಂಡನಿಗೂ ಹೇಳಿಲ್ಲ. ಬೆರಿಲ್‌ಗೆ ಅದು ಕೇಳಿದ್ದೇ ಎದೆಯ ಮೇಲಿನ ಕಲ್ಲು ಇಳಿದ ಹಾಗಾಯಿತು. ಮರುಕ್ಷಣವೇ ಇಲೋನಾ ಮೇಲೆ ಅವಳಿಗೆ ಎಂದೂ ಇಲ್ಲದ ಸಿಟ್ಟು ಬಂತು. ಬೈದಿದ್ದರೆ, ಕೂಗಿ ನಿಜ ಹೇಳಿದ್ದರೆ, ಇವಳನ್ನು ಸುಳ್ಳಿ ಎಂದು ಜಗಳಕ್ಕೆ ನಿಲ್ಲಬಹುದಿತ್ತು. ಈ ಮೌನದ ಋಣವನ್ನು ಬದುಕಿಡೀ ಹೊರುವುದು ಯಾರು?

ಇಲೋನಾ ಒಂದು ಹೆಜ್ಜೆ ಮುಂದೆ ಬಂದು, ಬೆರಿಲ್‌ಗೆ ಮಾತ್ರ ಕೇಳುವಂತೆ, "ಮಗು ಹೇಗಿದೆ?" ಎಂದಳು.

ಬೆರಿಲ್ ಅವಳ ಮುಖಕ್ಕೆ ಉಗುಳಿದಳು.

"ನನ್ನ ಗಂಡನ್ನ ಕೊಂದೋಳು!" ಎಂದು ಕಿರುಚಿದಳು. ಎಂಥ ಜೋರು ದನಿ ಅವಳದು! ಮಂದಿರದೊಳಗೆ ಕೂತವರೂ ಎದ್ದು ನಿಂತರು. "ಹೋಗು! ನನ್ನ ಕಣ್ಣೆದುರು ನಿಲ್ಬೇಡ!"

ಇಲೋನಾ ಕೈಬೆರಳಿನಿಂದ ಕೆನ್ನೆ ಒರೆಸಿಕೊಂಡಳು. ಬೆರಿಲ್‌ಳನ್ನು ಸ್ವಲ್ಪ ಹೊತ್ತು ನೋಡಿದಳು. ಆ ನೋಟದಲ್ಲಿ ಸಿಟ್ಟಿರಲಿಲ್ಲ, ಇದ್ದದ್ದು ಬರೀ ಆಶ್ಚರ್ಯ. ಅಂಗಡಿಯವನ ಬ್ರೆಡ್ಡನ್ನೂ ಮೀನಿನ ಕರುಳನ್ನೂ ತಾಳಿಕೊಂಡವಳಿಗೆ ಇದೊಂದನ್ನು ತಾಳುವ ಬಗೆ ತಿಳಿಯಲಿಲ್ಲವೇನೋ, ತಿರುಗಿ ಡೆನ್ನಿಯ ತೋಳು ಹಿಡಿದಳು. ಇಬ್ಬರೂ ಮೆಟ್ಟಿಲಿಳಿದು ಹೋದರು. ಹೆಂಗಸರು ಚಪ್ಪಾಳೆ ತಟ್ಟಿದರು, ಸತ್ತವರ ಸ್ಮರಣೆಯ ದಿನ, ಪ್ರಾರ್ಥನಾ ಮಂದಿರದ ಬಾಗಿಲಲ್ಲಿ. ಬೆರಿಲ್‌ಳನ್ನು ಎಲ್ಲರೂ ತಬ್ಬಿ ಕರೆದೊಯ್ದು ಮೊದಲ ಸಾಲಿನಲ್ಲಿ ಕೂರಿಸಿದರು.

ಮರುದಿನ ಲಂಡನ್ನಿನಿಂದ ಪತ್ರಿಕೆಯವನು ಬಂದ. ಏಡಾ, ಗ್ಲ್ಯಾಡಿಸ್, ಬೀದಿಯ ಅರ್ಧ ಜನ ಬೆರಿಲ್‌ಳ ಅಡಿಗೆಮನೆಯಲ್ಲಿ ಚಹಾ ಕುಡಿಯುತ್ತ ಕೂತಿದ್ದರು.

"ಆಕೆ ಶೀಟು ಹಾಕಿದ್ದನ್ನ ನೀವು ಸ್ವತಃ ನೋಡಿದ್ರಾ, ಮೇಡಂ?"

"ನೋಡ್ದೆ. ಆ ಕಿಟಕಿಯಿಂದ. ಕಣ್ಣಾರೆ."

"ಆಗ ಆಕೆ ಹೇಗಿದ್ರು? ಮುಖದಲ್ಲಿ ಏನಾದ್ರೂ ಕಾಣ್ತಿತ್ತಾ?"

ಬೆರಿಲ್ ಒಂದು ಗುಟುಕು ಚಹಾ ಕುಡಿದಳು. ಎಲ್ಲರೂ ಕಾಯುತ್ತಿದ್ದರು. ಗ್ಲ್ಯಾಡಿಸ್ ಅವಳ ಮೊಣಕಾಲ ಮೇಲೆ ಕೈಯಿಟ್ಟು ಒತ್ತಿದಳು.

"ನಗ್ತಾ ಇದ್ಲು," ಎಂದಳು ಬೆರಿಲ್. "ಅದನ್ನೂ ಬರ್ಕೊಳ್ಳಿ."

ಅವನು ಬರೆದುಕೊಂಡ.