ಗುಡಿಯ ಮುಂದಿನ ದಾರಿ

ಊಟಿ ಹತ್ತಿರದ ವೆಲ್ಲಿಂಗ್ಟನ್ನಿನ ಅಂಗಡಿಯೊಂದರಲ್ಲಿ ಬಿಲ್ಲು ಬರೆಯುವ ಸರಣ್ಯಾಳಿಗೆ ಓದಲು ಪುರುಸೊತ್ತು ಸಿಗುತ್ತಿದ್ದದ್ದು ತಿಂಗಳಿಗೆ ಮೂರು ದಿನ. ಮುಟ್ಟಾದರೆ ಕೊಟ್ಟಿಗೆಯ ಪಕ್ಕದ ಹೊರಕೋಣೆ. ಒಲೆಯಿಲ್ಲ, ಮಾತಿಲ್ಲ, ಗಂಡ ದಿನೇಶ್‌ಕುಮಾರ್ ಕೂಡ ಹೊಸ್ತಿಲಾಚೆ ನಿಂತು ತಟ್ಟೆ ಸರಿಸಿ ಹೋಗುತ್ತಿದ್ದ. ಅಂಚೆ ತೆರಪಿನ ಶಿಕ್ಷಣದಲ್ಲಿ ಕಟ್ಟಿದ ಎಂ.ಎ.ಯ ಪುಸ್ತಕವೊಂದೇ ಜೊತೆ. ಓದುವವರು ಏಕಾಂತ ಬೇಕೆನ್ನುತ್ತಾರೆ. ಇವಳಿಗೆ ಅದು ಬೇಡವೆಂದರೂ ಬಂದು ಬೀಳುತ್ತಿತ್ತು.

ಹಟ್ಟಿಯಲ್ಲಿ ಇನ್ನೊಂದು ಕಟ್ಟಳೆಯಿತ್ತು. ಆ ಮೂರು ದಿನ ಹೆಂಗಸರು ಗುಡಿಯ ಮುಂದೆ ನಡೆಯಕೂಡದು. ಬಸ್ಸಿಗೆ ಹೋಗಬೇಕಾದರೆ ಹಿತ್ತಲ ಟೀ ಗಿಡಗಳ ನಡುವೆ ಸುತ್ತಿ ಹೋಗಬೇಕು. ಹೋದ ವರ್ಷ ತವರಿಗೆ ಬಂದಿದ್ದ ನಾದಿನಿ ಸುಗನ್ಯಾಳನ್ನು ಆ ದಾರಿಯಲ್ಲೇ ಕಾಟಿ ಎನ್ನುವ ಕಾಡುಕೋಣವೊಂದು ತಿವಿದು ಕೊಂದಿತು. ಊರಿಗೆ ಊರೇ ಕಾಟಿಗೆ ಶಾಪ ಹಾಕಿತು. ಅವಳನ್ನು ಆ ದಾರಿಗೆ ಅಟ್ಟಿದವರು ಯಾರೆಂದು ಮಾತ್ರ ಒಬ್ಬರೂ ಕೇಳಲಿಲ್ಲ. ಕಾಟಿಗೆ ಬಾಯಿಲ್ಲವಲ್ಲ!

ಪರೀಕ್ಷೆಯ ಭಾನುವಾರ ಸರಣ್ಯಾಳಿಗೆ ಎರಡನೇ ದಿನ. ಹಿತ್ತಲ ಮಂಜಿನಲ್ಲಿ ಎರಡು ಕಾಟಿ ಮೇಯುತ್ತಿದ್ದವು.

“ಅವು ಆಚೆ ಹೋಗ್ಲಿ, ಆಮೇಲೆ ಹೊರಡು,” ಎಂದರು ಅತ್ತೆ ವಸಂತಾಮಣಿ, ಅಂಗಳದಾಚೆಯಿಂದಲೇ.

“ಎಂಟು ಗಂಟೆ ಬಸ್ಸು ತಪ್ಪಿದ್ರೆ ಪರೀಕ್ಷೆ ಇಲ್ಲ ಅತ್ತೆ. ಗುಡಿ ಮುಂದೇನೇ ಹೋಗ್ತೀನಿ.”

“ದೊಡ್ಡೋರು ಮಾಡಿಟ್ಟದ್ದು ಕಣೇ! ಒಂದು ಪರೀಕ್ಷೆಗೋಸ್ಕರ ಬಿಡೋಕಾಗುತ್ತಾ? ಮುಂದಿನ ವರ್ಷ ಬರೆದ್ರಾಯ್ತು.”

“ಹೋದ ವರ್ಷಾನೂ ಇದೇ ಮಾತು ಕೇಳಿ ಕೂತೆ. ಸುಗನ್ಯಾನೂ ಕೇಳಿದ್ಲು.”

ಸರಣ್ಯಾ ಚೀಲ ಹೆಗಲಿಗೇರಿಸಿ ಗುಡಿಯ ದಾರಿ ಹಿಡಿದಳು.

ಗುಡಿಯ ಕಟ್ಟೆಯ ಮೇಲೆ ಕಂಬಳಿ ಹೊದ್ದು ಕೂತಿದ್ದ ಊರ ಹಿರಿಯ ಶಿವಣ್ಣ, “ಬಸ್ಸಿಗೇನಮ್ಮಾ?” ಎಂದು ವಾಡಿಕೆಯಂತೆ ಕೇಳಿದರು. ಹೂಂ ಎಂದು ದಾಟಿಬಿಡಬಹುದಿತ್ತು. ಹಾಗೆ ಮುಚ್ಚಿಟ್ಟು ದಾಟಿದವರು ಹಟ್ಟಿಯಲ್ಲಿ ಇಲ್ಲದಿಲ್ಲ. ಸರಣ್ಯಾ ನಿಂತಳು.

“ಹೌದು ತಾತ. ನಂಗೆ ಇವತ್ತು ಎರಡನೇ ದಿನ. ಇನ್ಮೇಲೆ ಯಾವತ್ತೂ ಈ ದಾರೀಲೇ ಹೋಗೋದು.”

ತಾತ ಮುಖ ತಿರುಗಿಸಿದರು. ನಲ್ಲಿಯ ಹತ್ತಿರದ ಹೆಂಗಸರು ಕೊಡ ಎತ್ತಿಕೊಂಡು ಸರಿದರು. ಬಸ್ಸಿನಲ್ಲಿ ಊರವರು ಯಾರೂ ಅವಳ ಪಕ್ಕ ಕೂರಲಿಲ್ಲ. ಊಟಿಗೆ ಹೋಗಿ ಪರೀಕ್ಷೆ ಬರೆದಳು.

ಸಂಜೆ ಮರಳಿದಾಗ ಹೊರಕೋಣೆಗೆ ಬೀಗ ಬಿದ್ದಿತ್ತು. ತನಗೆ ಅಲ್ಲೂ ಜಾಗವಿಲ್ಲವೇ ಎಂದುಕೊಂಡಳು. ಅತ್ತೆ ಬೀಗದ ಕೈ ಹಿಡಿದು ಮನೆಯ ಹೊಸ್ತಿಲ ಮೇಲೆ ಕೂತಿದ್ದರು.

“ಅವತ್ತು ಅವಳಿಗೆ ತುಂಬಾ ಹೊಟ್ಟೆನೋವು,” ಎಂದರು. “ಓಡೋಕಾಗ್ಲಿಲ್ಲ ನನ್ನ ಮಗಳಿಗೆ... ಒಳಗೆ ಬಾ.”